ಕೈಯಲ್ಲಿ 7 ಸಾವಿರ ಅದ, ರಾಯಚೂರಲ್ಲಿ ಒಬ್ಬಳೇ ಇರಬೇಕು: ತಿಳಿದವರು ಹೇಳ್ರಿ

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲೂಕು. ಮುಂದಿನ ತಿಂಗಳು ರಾಯಚೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಬೇಕು, ಪಗಾರ 11 ಸಾವಿರ. ಮನೆಯಿಂದ ರೊಕ್ಕ ಬರಂಗಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಂಗಿ, ಈಗಲೇ ರೂಮು ಹುಡುಕಬ್ಯಾಡ. ಅಡ್ವಾನ್ಸ್ ಕೊಟ್ಟರೆ ನಿನ್ನ ರೊಕ್ಕ ಅಲ್ಲೇ ಮುಗೀತದ. ಪಗಾರ ಕೈಗೆ ಬರೋದು ತಿಂಗಳು ದುಡಿದ ಮ್ಯಾಲೆ, ಅಂದ್ರ 35-40 ದಿನ ಈ 7 ಸಾವಿರದಾಗೇ ದಾಟಬೇಕು. ಮೊದಲು ಲೇಡೀಸ್ ಹಾಸ್ಟೆಲಿನಾಗ ಶೇರಿಂಗ್ ಬೆಡ್ ಹಿಡಿ. ಸೇರೋ ಮುಂಚೆ ಮೂರು ಮಾತು ಕೇಳು: ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸಿನಾಗ ಏನೇನು ಮುರಕೋತಾರ, ರವಿವಾರ ರಾತ್ರಿ ಊಟ ಇರತದೋ ಇಲ್ಲೋ. ರಶೀದಿ ಇಲ್ಲದೆ ರೊಕ್ಕ ಕೊಡಬ್ಯಾಡ. ಇಂದಿರಾ ಕ್ಯಾಂಟೀನಿನಾಗ ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. ಆಧಾರ್ ತೋರಿಸಿದರ ಸಾಮಾನ್ಯ ಸರ್ಕಾರಿ ಬಸ್ಸು ನಿನಗ ಪುಕ್ಕಟೆ, ಅದಕ್ಕ ಅಂಗಡಿ ಪಕ್ಕದಾಗೇ ಇರಬೇಕಂತ ದುಬಾರಿ ಜಾಗ ಹಿಡಿಯೋದು ಬ್ಯಾಡ.

ಉತ್ತರ: ಮುಂದೆ ರೂಮು ನೋಡುವಾಗ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ನೋಡ್ರಿ. ಮೇಲಿನ ಮಹಡಿ ಬಾಡಿಗೆ ಕಡಿಮೆ, ಆದರೆ ನಮ್ಮೂರ ಏಪ್ರಿಲ್-ಮೇ ಬಿಸಿಲಿಗೆ ಕಾದ ಸ್ಲ್ಯಾಬು ರಾತ್ರಿಯೆಲ್ಲ ಕಾವು ಬಿಡ್ತದೆ. ಎದುರುಬದುರು ಕಿಟಕಿ ಇರಲೇಬೇಕು. ಕೂಲರ್ ಕಿಟಕಿಯ ಹೊರಗಿನ ಗಾಳಿ ಎಳೀಬೇಕು, ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ರೂಮಿನೊಳಗೆ ಇಟ್ಟರೆ ತೇವ ತುಂಬಿ ಸೆಕೆ ಇನ್ನೂ ಹೆಚ್ಚುತ್ತದೆ.

ಮೀಟರ್ ಯಾವುದು ಅಂತ ಕೇಳ್ರಿ. ಓನರ್ ಹಾಕಿದ ಸಬ್‌ಮೀಟರ್ ಇದ್ದರೆ ನಿಮ್ಮ ಹೆಸರಲ್ಲಿ ಗೃಹಜ್ಯೋತಿ, ಅಂದ್ರೆ ಸರ್ಕಾರದ ಉಚಿತ ಕರೆಂಟು, ಸಿಗೋದಿಲ್ಲ. ರೂಮಿಗೆ ಬೇರೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರೋ ಸಂಪರ್ಕದ ನಂಬರ್) ಇದ್ದರೆ ಬಾಡಿಗೆ ಕರಾರು, ಆಧಾರ್ ಇಟ್ಟುಕೊಂಡು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಹಿಂದಿದ್ದವರ ಆಧಾರ್ ಆ ನಂಬರಿಗೆ ಹಾಗೇ ಉಳಿದಿದ್ದರೆ ಅರ್ಜಿ ನಿಲ್ಲುತ್ತೆ, ಮೊದಲು ಅದನ್ನ ಡಿಲಿಂಕ್ ಮಾಡಿಸಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ, ಹೆಚ್ಚಾದಷ್ಟಕ್ಕೆ ಮಾತ್ರ ಅಲ್ಲ.

ಉತ್ತರ: ನೀರಿನ ಮಾತು ಯಾರೂ ಎತ್ತಲಿಲ್ಲ! ನಳ ಎಷ್ಟು ದಿನಕ್ಕೊಮ್ಮೆ ಬರತೈತಿ ಅಂತ ಓನರ್‌ನ ಕೇಳಬ್ಯಾಡ್ರಿ, ಪಕ್ಕದ ಮನೀಯವರನ್ನ ಕೇಳ್ರಿ. ಈ ಜಿಲ್ಲೇದಾಗ ಭಾಳ ಕಡೆ ಬೋರ್ ನೀರಿನಾಗ ಫ್ಲೋರೈಡ್ ಐತಿ. ಕಾಯಿಸಿದರ ಅದು ಹೋಗಂಗಿಲ್ಲ, ನೀರು ಆವಿಯಾಗಿ ಉಳಿದದ್ದರಾಗ ಇನ್ನೂ ಗಟ್ಟಿ ಆಗತೈತಿ. ಕುಡಿಯಾಕ, ಅಡಿಗಿಗೆ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರ್ರಿ.

ಉತ್ತರ: ಅಡುಗೆಗೆ ವಿಳಾಸದ ದಾಖಲೆ ಇಲ್ಲದವರಿಗೂ ಗುರುತಿನ ಚೀಟಿ ಮೇಲೆ 5 ಕೆಜಿ ಸಿಲಿಂಡರ್ ಸಿಗುತ್ತೆ. ಇಂಡಕ್ಷನ್ ತಗೊಳ್ಳೋದಾದರೆ ಮನೆಯಿಂದ ತಂದ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಕಾಯೋದಿಲ್ಲ. ಕೊಳ್ಳೋ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಸರಿ. 1500 ವ್ಯಾಟಿನ ಒಲೆ 40 ನಿಮಿಷ ಉರಿದರೆ ಒಂದು ಯೂನಿಟ್. ಅದನ್ನ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ. ಫೋನ್ ಚಾರ್ಜ್ ಮಾಡೋ ಸಣ್ಣ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಎಳೆದು ಹಾಕಿದರೆ ವೈರು ಕಾಯ್ದು ಕರಗಬಹುದು.

ಒಲೆನೇ ಬೇಡ ಅನ್ನೋ ದಿನಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಸಾಕು. ಗಾಳಿ ಆಡದ ಡಬ್ಬಿಯಲ್ಲಿಟ್ಟರೆ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ, ಆದರೆ ಸ್ವಲ್ಪ ಹಸಿ ಇದ್ದಾಗಲೇ ಮುಚ್ಚಿದರೆ ಬೂಸಲು ಬರುತ್ತೆ.

ಉತ್ತರ: ತಂಗಿ, ಮನಿ ಬಿಡೋ ಮುಂಚೆ ಕಾಗದಪತ್ರ ತಗೋ: ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ, ಜಾತಿ-ಆದಾಯ ಪತ್ರ, ಪಾಸ್‌ಬುಕ್, 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ ಪತ್ರ). ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಆ ಮೀಸಲಾತಿ ಕೇಳೋದಾದರ 371ಜೆ ಬೇಕೇಬೇಕು. ಆಮೇಲೆ ಮನಿಯವರು ಕೊಡದಿದ್ದರ ಕಚೇರಿ ಕಚೇರಿ ಸುತ್ತಬೇಕಾಗತದ. ಆಧಾರಿಗೆ, ಬ್ಯಾಂಕಿಗೆ ಅಪ್ಪನ ಫೋನ್ ನಂಬರ್ ಕೊಟ್ಟಿದ್ದರ ಈಗಲೇ ನಿನ್ನ ನಂಬರ್ ಹಾಕಿಸು, ಇಲ್ಲಂದ್ರ ಪ್ರತಿ ಓಟಿಪಿಗೂ ಊರಿಗೆ ಫೋನ್ ಹಚ್ಚಬೇಕು.