ಇಡೀ ಪಿಯಾನೊ ಕಛೇರಿ ನೃತ್ಯದ ಕೃತಿಗಳದ್ದೇ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ನನ್ನ ಮೊದಲ ಏಕವ್ಯಕ್ತಿ ಪಿಯಾನೊ ಕಛೇರಿಗೆ ನಾಲ್ಕು ತಿಂಗಳು ಉಳಿದಿದೆ. ನೃತ್ಯದಿಂದ ಹುಟ್ಟಿದ ಕೃತಿಗಳನ್ನೇ ನುಡಿಸಬೇಕೆಂಬ ಆಸೆ. ಬಾಖ್‌ನ ಮೊದಲ ಪಾರ್ಟಿಟಾ (ನೃತ್ಯಗಳ ಸರಣಿ), ಶೋಪಾನ್‌ನ ನಾಲ್ಕು ಮಜುರ್ಕಾ (ಪೋಲೆಂಡಿನ ನೃತ್ಯ), ಬಾರ್ಟಾಕ್‌ನ ರುಮೇನಿಯನ್ ಜಾನಪದ ನೃತ್ಯಗಳು, ಕೊನೆಗೆ ಜಿನಾಸ್ತೆರಾನ ಅರ್ಜೆಂಟೀನಾ ನೃತ್ಯಗಳು ಎಂದುಕೊಂಡಿದ್ದೇನೆ. ರೆಕಾರ್ಡ್ ಮಾಡಿ ಕೇಳಿದರೆ ಪಾರ್ಟಿಟಾದೊಳಗಿನ ನಿಧಾನ ನೃತ್ಯವಾದ ಸರಬಾಂದೂ ಮಜುರ್ಕಾವೂ ಒಂದೇ ಮೂರರ ಎಣಿಕೆಯಾಗಿ ಕೇಳಿಸುತ್ತಿವೆ. ಏನು ಮಾಡಲಿ?

ಮೊದಲ ಉತ್ತರ: ಇಂಥ ಕಛೇರಿಯನ್ನು ಎರಡು ಬಾರಿ ನುಡಿಸಿದ್ದೇನೆ. ಮೊದಲ ಸಲ ನನಗೂ ಇದೇ ಆಯಿತು. ಕಾರಣ ಗೊತ್ತಾಗಲು ಬಹಳ ದಿನ ಹಿಡಿಯಿತು: ಮೂರರ ಎಣಿಕೆ ಕಂಡಲ್ಲೆಲ್ಲ ಮೊದಲ ಪೆಟ್ಟಿಗೇ ಭಾರ ಹಾಕುತ್ತಿದ್ದೆ. ವಾಲ್ಟ್ಸ್‌ಗೆ ಅದು ಸರಿ. ಸರಬಾಂದ್‌ನಲ್ಲಿ ಒತ್ತು ಎರಡನೆಯ ಎಣಿಕೆಗೆ ವಾಲುತ್ತದೆ. ಮಜುರ್ಕಾದಲ್ಲಿ ಎರಡಕ್ಕೋ ಮೂರಕ್ಕೋ ಬೀಳುತ್ತದೆ, ಒಂದೇ ಕೃತಿಯೊಳಗೆ ಜಾಗವನ್ನೂ ಬದಲಿಸುತ್ತದೆ. ಶೋಪಾನ್ ತಾನೇ ಮಜುರ್ಕಾ ನುಡಿಸುವಾಗ ಪಿಯಾನೊ ವಾದಕ ಚಾರ್ಲ್ಸ್ ಹಾಲೆ ಪಕ್ಕದಲ್ಲಿ ಗಟ್ಟಿಯಾಗಿ ನಾಲ್ಕು ಎಣಿಸಿ, ಅದು ಮೂರಾಗಿ ಉಳಿದಿಲ್ಲವೆಂದು ತೋರಿಸಿದರಂತೆ. ಅಷ್ಟರ ಮಟ್ಟಿಗೆ ಅಲ್ಲಿ ಒಂದು ಎಣಿಕೆ ಹಿಗ್ಗುತ್ತದೆ.

ನಾನು ಮಾಡಿದ್ದು ಇಷ್ಟೇ. ಪಿಯಾನೊದ ಮುಚ್ಚಳ ಮುಚ್ಚಿ, ರಾಗವನ್ನು ಗುನುಗುತ್ತಾ ಕೋಣೆಯಲ್ಲಿ ಹೆಜ್ಜೆ ಹಾಕಿದೆ. ದೇಹದ ಭಾರ ಯಾವ ಪಾದಕ್ಕೆ ಇಳಿಯುತ್ತದೆ ಎಂಬುದು ತಿಳಿದ ಮೇಲೆ ಕುಳಿತು ಎಡಗೈಯನ್ನು ಮಾತ್ರ ನುಡಿಸಿದೆ, ಪೆಡಲ್ ಒತ್ತದೆ. ಪೆಡಲ್ ಇದ್ದರೆ ಹೆಜ್ಜೆಗಳ ನಡುವಿನ ಗಾಳಿಯೆಲ್ಲ ಮುಚ್ಚಿಹೋಗುತ್ತದೆ. ಶೋಪಾನ್‌ನ ಹದಿನೇಳನೆಯ ಓಪಸ್‌ನ (ಕೃತಿಸಂಖ್ಯೆಯ) ನಾಲ್ಕನೆಯ ಮಜುರ್ಕಾ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ದಯವಿಟ್ಟು ಸೇರಿಸಿ. ಶುರುವಿನಲ್ಲಿ ತೂಗಾಡುವ ಸ್ವರಗುಚ್ಛವೇ ಕೊನೆಗೂ ಬರುತ್ತದೆ. ಕಾಲು ಎತ್ತಿದವರು ನೆಲಕ್ಕೆ ಊರದೆಯೇ ನಿಂತಂತೆ. ಅದನ್ನು ಮುಗಿಸಿದ ಕೂಡಲೇ ಕೈ ಎತ್ತಬೇಡಿ.

ಎರಡನೆಯ ಉತ್ತರ: ಕ್ರಮವನ್ನೂ ಬದಲಿಸಿ. ಬಾರ್ಟಾಕ್‌ನ ಆರೂ ನೃತ್ಯಗಳು ಸೇರಿ ಐದಾರು ನಿಮಿಷ, ಹೆಚ್ಚಿನವು ಎರಡರ ಎಣಿಕೆಯವು. ಬಾಖ್ ಮತ್ತು ಶೋಪಾನ್ ನಡುವೆ ಇಟ್ಟರೆ ಕಿವಿ ತೊಳೆದಂತಾಗುತ್ತದೆ. ಜಿನಾಸ್ತೆರಾ ಕೊನೆಗೇ ಇರಲಿ. ಮೊದಲ ನೃತ್ಯದಲ್ಲಿ ಬಲಗೈ ಬಿಳಿ ಕೀಗಳ ಮೇಲೆ, ಎಡಗೈ ಕಪ್ಪು ಕೀಗಳ ಮೇಲೆ ಓಡುವಾಗ ಬೆರಳುಗಳು ಒಂದಕ್ಕೊಂದು ತಾಗುತ್ತವೆ. ದಣಿದ ಕೈಗೆ ಅದು ಬೇರೆಯೇ ಕೃತಿಯಂತೆ ಅನಿಸುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಇಡೀ ಕಾರ್ಯಕ್ರಮವನ್ನು ನಿಲ್ಲಿಸದೆ ನುಡಿಸಿ, ಆ ದಿನ ತೊಡುವ ಪಾದರಕ್ಷೆಯಲ್ಲೇ.

ಮೂರನೆಯ ಉತ್ತರ: ನಾನು ನುಡಿಸುವುದಿಲ್ಲ, ಕೇಳುತ್ತೇನೆ. ಮಜುರ್ಕಾಗಳಿಗೆ ಮೊದಲು ಎರಡೇ ಮಾತು ಹೇಳಿ, ಒತ್ತು ಎಲ್ಲಿ ಬೀಳುತ್ತದೆಂದು ಕೈ ತಟ್ಟಿ ತೋರಿಸಿ. ಒಮ್ಮೆ ಒಬ್ಬರು ಹಾಗೆ ಮಾಡಿದ್ದರು. ಆಮೇಲೆ ಇಡೀ ಸಾಲು ಮೂರನೆಯ ಎಣಿಕೆಗಾಗಿ ಉಸಿರು ಹಿಡಿದು ಕಾಯುತ್ತಿತ್ತು.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಹೆಜ್ಜೆ ಹಾಕಿ ನೋಡಿದೆ. ಸರಬಾಂದ್‌ನಲ್ಲಿ ಎರಡನೆಯ ಹೆಜ್ಜೆಗೆ ನಾನಾಗಿಯೇ ನಿಂತುಬಿಟ್ಟೆ. ಇವತ್ತು ಪೆಡಲ್ ಇಲ್ಲದೆ ಎಡಗೈ ಶುರು ಮಾಡಿದ್ದೇನೆ. ಬಾರ್ಟಾಕ್ ನಡುವಿಗೆ ಬಂದಾಯಿತು.