ಹಡಗು ಹತ್ತಿ ಓಡಿದ ಯಹೂದಿಗಳ ಸಿನಿಮಾ: ಮಕ್ಕಳಿಗೆ ಯಾವುದು ತೋರಿಸಲಿ?

ಕೇಳಿದವರು: ಹೈಸ್ಕೂಲ್ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹಿಟ್ಲರನ ಪಾಠ ಮುಗಿಸಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಅಷ್ಟು ಹಿಂಸೆ ಕೊಡ್ತಿದ್ರೆ ಆ ಯಹೂದಿಗಳು ಬೇರೆ ದೇಶಕ್ಕೆ ಯಾಕೆ ಓಡಿಹೋಗಲಿಲ್ಲ?" ಅಂತ ಕೇಳಿದಳು. ತುಂಬ ಜನ ಓಡಿದರಮ್ಮ, ಹಡಗು ಹತ್ತಿದರು, ಎಷ್ಟೋ ಕಡೆ ಇಳಿಸಿಕೊಳ್ಳಲಿಲ್ಲ ಅಂತ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮಲ್ಲಿ ಪ್ರೊಜೆಕ್ಟರ್ ಇದೆ, ಶನಿವಾರ ಎರಡು ಪೀರಿಯಡ್ ಸಿಗುತ್ತದೆ. ಇಂಥ ಸಿನಿಮಾ ನೋಡಿದವರು, ಬೇರೆಯವರಿಗೆ ತೋರಿಸಿದವರು ಇದ್ದರೆ ನಿಮ್ಮ ಅನುಭವ ಹೇಳಿ. ಮಕ್ಕಳಿಗೆ ಹದಿನೈದು ವರ್ಷ ಅನ್ನೋದು ನೆನಪಿರಲಿ.

ಮೈಸೂರಿನಿಂದ, ಫಿಲ್ಮ್ ಸೊಸೈಟಿಯಲ್ಲಿ ಓಡಾಡಿಕೊಂಡಿದ್ದವರು

ಮೇಡಂ, ನಿಮ್ಮ ಹುಡುಗಿಯ ಪ್ರಶ್ನೆಗೆ ನೇರವಾದ ಉತ್ತರ ಅಂದರೆ ಸೇಂಟ್ ಲೂಯಿಸ್ ಹಡಗಿನ ಕಥೆ. ಅದರ ಮೇಲೆ 1976ರಲ್ಲಿ ಬಂದ 'ವಾಯೇಜ್ ಆಫ್ ದಿ ಡ್ಯಾಮ್ಡ್' ಸಿನಿಮಾವನ್ನು ನಾವು ಹಿಂದೆ ಒಂದು ಸಲ ತೋರಿಸಿದ್ದೆವು. ಆವತ್ತು ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಏನೂ ಪೀಠಿಕೆ ಹಾಕದೆ ಸುಮ್ನೆ ಸಿನಿಮಾ ಹಚ್ಚಿಬಿಟ್ಟೆ. ಅದರಲ್ಲಿ ಆಗಿನ ಕಾಲದ ದೊಡ್ಡ ನಟರೆಲ್ಲ ತುಂಬಿಕೊಂಡಿದ್ದಾರೆ, ಫೇ ಡನವೇ, ಜೇಮ್ಸ್ ಮೇಸನ್, ಆರ್ಸನ್ ವೆಲ್ಸ್, ಮ್ಯಾಕ್ಸ್ ವಾನ್ ಸಿಡೋ, ಹೀಗೆ ಪಟ್ಟಿ ಮುಗಿಯುವುದಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಉಪಕಥೆ ಬೇರೆ, ಹಾಗಾಗಿ ಅರ್ಧ ಗಂಟೆ ಆದರೂ ಯಾರು ಯಾರ ಗಂಡ, ಯಾರು ಯಾರ ಮಗಳು ಅನ್ನೋದೇ ಜನಕ್ಕೆ ಗೊತ್ತಾಗಲಿಲ್ಲ.

ನೀವು ಹಾಗೆ ಮಾಡಬೇಡಿ. ಮೊದಲು ಬೋರ್ಡಿನ ಮೇಲೆ ಅಟ್ಲಾಂಟಿಕ್ ಸಮುದ್ರ ಬರೆಯಿರಿ. ಈ ಕಡೆ ಹ್ಯಾಂಬರ್ಗ್, ಆ ಕಡೆ ಕ್ಯೂಬಾದ ಹವಾನಾ. 1939ರ ಮೇ 13ಕ್ಕೆ 937 ಜನರನ್ನು ಹತ್ತಿಸಿಕೊಂಡು ಹಡಗು ಹೊರಟಿತು. ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಹೆಚ್ಚಿನವರು ದುಡ್ಡು ಕೊಟ್ಟು ಕ್ಯೂಬಾದಲ್ಲಿ ಇಳಿಯುವ ಪರವಾನಗಿ ಪತ್ರ ತಗೊಂಡಿದ್ದರು. ಬಹಳ ಜನಕ್ಕೆ ಕ್ಯೂಬಾದಲ್ಲಿ ನೆಲೆಸುವ ಯೋಚನೆಯೂ ಇರಲಿಲ್ಲ, ಅಮೆರಿಕದ ವೀಸಾ ಸರತಿಯಲ್ಲಿ ಹೆಸರಿತ್ತು, ಸರತಿ ಬರುವ ತನಕ ಅಲ್ಲಿ ಇದ್ದರೆ ಸಾಕಿತ್ತು. ಹಡಗು ಹೊರಡುವ ಒಂದು ವಾರ ಮೊದಲೇ ಕ್ಯೂಬಾದ ಅಧ್ಯಕ್ಷ ಲರೇಡೊ ಬ್ರೂ ಆ ಪರವಾನಗಿಗಳನ್ನು ರದ್ದು ಮಾಡಿಯಾಗಿತ್ತು. ಮೇ 27ಕ್ಕೆ ಹವಾನಾ ತಲುಪಿದರೆ ಇಳಿಯೋಕೆ ಬಿಟ್ಟಿದ್ದು 28 ಜನರನ್ನು. ಒಬ್ಬರು ಕೈ ಕೊಯ್ದುಕೊಂಡು ಸಮುದ್ರಕ್ಕೆ ಹಾರಿದರು, ಅವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಒಬ್ಬರು ದಾರಿಯಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದರು. ಉಳಿದವರು 907.

ಇಷ್ಟು ಹೇಳಿ, ಆಮೇಲೆ ಸಿನಿಮಾದಲ್ಲಿ ಹವಾನಾ ಬಂದರು ಬರುವ ಭಾಗದಿಂದ ಹಚ್ಚಿ. ಮೊದಲೇ ಕ್ಯೂಬಾಕ್ಕೆ ಬಂದು ಸೇರಿದ್ದ ಸಂಬಂಧಿಕರು ಬಾಡಿಗೆ ದೋಣಿ ಮಾಡಿಕೊಂಡು ಹಡಗಿನ ಸುತ್ತ ಬಂದು ಕೂಗುತ್ತಿದ್ದರು, ಮೇಲೆ ಕಂಬಿ ಹಿಡಿದು ನಿಂತವರು ಕೆಳಗೆ ನೋಡುತ್ತಿದ್ದರು. ಇದು ನಿಜವಾಗಿ ನಡೆದದ್ದು. ಅಪ್ಪ ಕಣ್ಣಿಗೆ ಕಾಣುತ್ತಾನೆ, ಮಾತೂ ಕೇಳಿಸುತ್ತದೆ, ಹತ್ತಿರ ಹೋಗೋಕೆ ಆಗಲ್ಲ. ನಿಮ್ಮ ಹುಡುಗಿಗೆ ಉತ್ತರ ಅಲ್ಲಿದೆ ಅಂತ ನನಗೆ ಅನಿಸುತ್ತದೆ.

ಇನ್ನೆರಡು ವಿಷಯ. ಪೂರ್ತಿ ಸಿನಿಮಾವನ್ನು ಹದಿನೈದರ ಮಕ್ಕಳಿಗೆ ನಾನಂತೂ ತೋರಿಸುವುದಿಲ್ಲ. ಎರಡೂವರೆ ಗಂಟೆಯ ಆಸುಪಾಸು ಇದೆ, ಆತ್ಮಹತ್ಯೆಯ ದೃಶ್ಯಗಳಿವೆ, ಹವಾನಾದಲ್ಲಿ ಮೈ ಮಾರಿಕೊಂಡು ಬದುಕುವ ಒಬ್ಬ ಮಗಳ ಕಥೆಯೂ ಇದೆ. ಎರಡನೆಯದು, ಕೊನೆಯಲ್ಲಿ ಪರದೆ ಮೇಲೆ ಬರುವ ಸತ್ತವರ ಲೆಕ್ಕ. ಅದನ್ನು ನಂಬಬೇಡಿ, ತುಂಬ ಜಾಸ್ತಿ ಹೇಳುತ್ತದೆ. ಆಮೇಲೆ ಅಮೆರಿಕದ ಹಾಲೊಕಾಸ್ಟ್ (ಹಿಟ್ಲರನ ಕಾಲದ ಯಹೂದಿಗಳ ಹತ್ಯಾಕಾಂಡ) ಮ್ಯೂಸಿಯಂನವರು ಒಬ್ಬೊಬ್ಬ ಪ್ರಯಾಣಿಕರ ಹೆಸರು ಹಿಡಿದು ವರ್ಷಗಟ್ಟಲೆ ಹುಡುಕಿ, ಯುರೋಪಿಗೆ ವಾಪಸ್ ಹೋಗಬೇಕಾದವರಲ್ಲಿ ಸತ್ತವರು 254 ಅಂತ ಕಂಡುಕೊಂಡರು. 254 ಕಮ್ಮಿ ಏನಲ್ಲ. ಮಕ್ಕಳಿಗೆ ಸರಿಯಾದ ಲೆಕ್ಕವನ್ನೇ ಕೊಡಿ.

ಟೊರಾಂಟೊದಿಂದ, ಮೂಲ ದಾವಣಗೆರೆ

ಮೈಸೂರಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹಡಗು ಹವಾನಾ ಬಿಟ್ಟ ಮೇಲೆ ಫ್ಲಾರಿಡಾ ಕರಾವಳಿಯ ಪಕ್ಕದಲ್ಲೇ ಹೋಯಿತು, ಮಯಾಮಿಯ ದೀಪಗಳು ಕಾಣುತ್ತಿದ್ದವು. ಅಮೆರಿಕ ಬಿಡಲಿಲ್ಲ. ನಾನಿರುವ ಈ ಕೆನಡಾವೂ ಬಿಡಲಿಲ್ಲ. ಹಡಗು ಹ್ಯಾಲಿಫ್ಯಾಕ್ಸ್ ಬಂದರಿನಿಂದ ಎರಡು ದಿನದ ದೂರದಲ್ಲಿತ್ತು ಅಷ್ಟೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. 2018ರ ನವೆಂಬರ್ 7ಕ್ಕೆ ಪ್ರಧಾನಿ ಟ್ರೂಡೊ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದಾಗ ಟೀವಿಯಲ್ಲಿ ನೋಡಿ, ಏನಿದು ಅಂತ ಹುಡುಕೋಕೆ ಶುರು ಮಾಡಿದೆ.

ನನಗೆ ಜಾಸ್ತಿ ಹಿಡಿಸಿದ್ದು ಮಾಜಿಯಾರ್ ಬಹಾರಿ ಮಾಡಿದ 'ದಿ ವಾಯೇಜ್ ಆಫ್ ದಿ ಸೇಂಟ್ ಲೂಯಿಸ್' ಅನ್ನೋ ಸಾಕ್ಷ್ಯಚಿತ್ರ, ತೊಂಬತ್ತರ ದಶಕದ್ದು. ಬಹಾರಿ ಇರಾನಿನಿಂದ ಬಂದು ಕೆನಡಾದಲ್ಲಿ ಓದಿದವರು. ಬದುಕಿ ಉಳಿದ ಪ್ರಯಾಣಿಕರೇ ಕೂತು ಮಾತಾಡುತ್ತಾರೆ. ನಟರು ಅಳುವುದಕ್ಕೂ, ಒಬ್ಬ ಅಜ್ಜಿ ಸಮಾಧಾನವಾಗಿ ನಡೆದದ್ದನ್ನು ಹೇಳಿಕೊಂಡು ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಅದನ್ನು ನೋಡಿದ ಮೇಲೆ ತಿಳಿಯಿತು. ಸಾಕ್ಷ್ಯಚಿತ್ರ ಅಂದರೆ ಮಕ್ಕಳಿಗೆ ಬೋರ್ ಆಗುತ್ತದೆ ಅಂತ ಮೊದಲೇ ತೀರ್ಮಾನ ಮಾಡಬೇಡಿ ಮೇಡಂ.

ಹ್ಯಾಲಿಫ್ಯಾಕ್ಸಿನ ಪಿಯರ್ 21 ಅನ್ನೋ ವಲಸೆ ಮ್ಯೂಸಿಯಂಗೆ ಮನೆಯವರೆಲ್ಲ ಹೋಗಿದ್ದೆವು. ಅಲ್ಲಿ ಡೇನಿಯಲ್ ಲಿಬೆಸ್ಕಿಂಡ್ ಮಾಡಿದ ಒಂದು ದೊಡ್ಡ ಉಕ್ಕಿನ ಚಕ್ರ ಇದೆ. ಒಳಗೆ ಹಲ್ಲಿನ ಗಾಲಿಗಳು, ಒಂದು ತಿರುಗಿದರೆ ಇನ್ನೊಂದನ್ನು ತಿರುಗಿಸುತ್ತದೆ, ಅವುಗಳ ಮೇಲೆ ದ್ವೇಷ, ಜನಾಂಗದ್ವೇಷ ಅಂತ ಪದಗಳಿವೆ. ಹಿಂದುಗಡೆ ಹಡಗಿನಲ್ಲಿದ್ದವರ ಹೆಸರುಗಳು. ನನ್ನ ಮಗಳು ಆ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದುತ್ತಾ ನಿಂತುಬಿಟ್ಟಳು, ಕರೆದರೂ ಬರಲಿಲ್ಲ. ಅದರ ಫೋಟೋ ಸುಲಭವಾಗಿ ಸಿಗುತ್ತದೆ, ತರಗತಿಯಲ್ಲಿ ತೋರಿಸಬಹುದು.

ಶಿವಮೊಗ್ಗದಿಂದ, ಇಬ್ಬರು ಮಕ್ಕಳ ತಾಯಿ

ನಾನು ಟೀಚರ್ ಅಲ್ಲ, ತಾಯಿಯಾಗಿ ಹೇಳುತ್ತೇನೆ. ಇಳಿಸಿಕೊಳ್ಳದ ಕಥೆ ಒಂದನ್ನೇ ತೋರಿಸಿ ಮಕ್ಕಳನ್ನು ಮನೆಗೆ ಕಳಿಸಬೇಡಿ. ನನ್ನ ಮಗನಿಗೆ ಹದಿನಾಲ್ಕು ವರ್ಷ ಇದ್ದಾಗ ಇಬ್ಬರೂ ಕೂತು 'ಅಕ್ರಾಸ್ ದಿ ವಾಟರ್ಸ್' ಅನ್ನೋ ಡೆನ್ಮಾರ್ಕಿನ ಸಿನಿಮಾ ನೋಡಿದೆವು, 2016ರದ್ದು. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿಯೋಕೆ ಜರ್ಮನ್ನರು ಹೊರಟಾಗ, ಅಲ್ಲಿನ ಜನ 7,000ಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಕೂರಿಸಿ ಸ್ವೀಡನ್‌ಗೆ ದಾಟಿಸಿದರು. ಆ ಜಲಸಂಧಿ ಒಂದು ಕಡೆ ನಾಲ್ಕೇ ಕಿಲೋಮೀಟರ್ ಅಗಲ. ಸಿನಿಮಾದಲ್ಲಿ ಒಬ್ಬ ಗಿಟಾರ್ ನುಡಿಸುವವನು, ಅವನ ಹೆಂಡತಿ, ಐದು ವರ್ಷದ ಮಗ, ಮೂವರೂ ರಾತ್ರೋರಾತ್ರಿ ಗಿಲ್ಲೆಲೈಯೆ ಅನ್ನೋ ಮೀನುಗಾರರ ಊರಿಗೆ ಓಡುತ್ತಾರೆ.

ಬರೀ ಒಳ್ಳೆಯವರ ಕಥೆ ಅಂದುಕೊಳ್ಳಬೇಡಿ. ದೋಣಿಗೆ ಜಾಸ್ತಿ ದುಡ್ಡು ಕೇಳಿದವರೂ ಇದ್ದರು. ಅದೇ ಊರಿನ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಜನ ಒಂದು ರಾತ್ರಿ ಸಿಕ್ಕಿಬಿದ್ದರು. ನನ್ನ ಮಗ ಆ ಮಗು ಕೆಮ್ಮಿದರೆ ಸಾಕು, ಕೈ ಹಿಡಿದುಕೊಳ್ಳುತ್ತಿದ್ದ. ಮುಗಿದ ಮೇಲೆ ಅವನು ಕೇಳಿದ್ದು, "ಅಮ್ಮ, ಸ್ವೀಡನ್‌ನವರು ಮಾತ್ರ ಯಾಕೆ ಬನ್ನಿ ಅಂದರು?" ಅಂತ. ನಿಮ್ಮ ಹುಡುಗಿಯ ಪ್ರಶ್ನೆಗೆ ಇದು ಜೋಡಿ ಪ್ರಶ್ನೆ ಅಲ್ವಾ? ಒಂದು ಹಡಗು ಅಟ್ಲಾಂಟಿಕ್ ದಾಟಿಯೂ ವಾಪಸ್ ಬಂತು, ಇಲ್ಲಿ ಚಿಕ್ಕ ಚಿಕ್ಕ ದೋಣಿಗಳು ದಡ ಸೇರಿದವು. ದಡದಲ್ಲಿ ಬನ್ನಿ ಅನ್ನುವವರು ಇದ್ದರು.

ಮಂಗಳೂರಿನಿಂದ

ಸ್ಟ್ರೂಮಾ ಹಡಗಿನ ಹೆಸರು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಕಡಲಿನ ಪಕ್ಕ ಬೆಳೆದವರು, ಇಂಜಿನ್ ಕೆಟ್ಟ ಹಡಗನ್ನು ಜನರ ಸಮೇತ ನಡುನೀರಿಗೆ ಎಳೆದು ಬಿಟ್ಟುಬರುವುದು ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1941ರ ಡಿಸೆಂಬರಿನಲ್ಲಿ ರುಮೇನಿಯಾದಿಂದ ಏಳುನೂರಕ್ಕೂ ಹೆಚ್ಚು ಯಹೂದಿಗಳು ಒಂದು ಹಳೇ ಹಡಗಿನಲ್ಲಿ ಪ್ಯಾಲೆಸ್ಟೈನಿಗೆ ಹೊರಟರು. ಇಂಜಿನ್ ಕೆಟ್ಟು ಇಸ್ತಾಂಬುಲ್‌ನಲ್ಲಿ ಎರಡು ತಿಂಗಳ ಮೇಲೆ ನಿಂತರು. ಆಗ ಪ್ಯಾಲೆಸ್ಟೈನ್ ಆಳುತ್ತಿದ್ದ ಬ್ರಿಟಿಷರು ಅಲ್ಲಿಗೆ ವೀಸಾ ಕೊಡಲಿಲ್ಲ, ಟರ್ಕಿ ದಡಕ್ಕೆ ಇಳಿಸಲಿಲ್ಲ. 1942ರ ಫೆಬ್ರವರಿ 23ಕ್ಕೆ ಟರ್ಕಿಯವರು ಹಡಗನ್ನು ಕಪ್ಪು ಸಮುದ್ರಕ್ಕೆ ಎಳೆದು ಬಿಟ್ಟರು. ಮಾರನೇ ಬೆಳಿಗ್ಗೆ ಸೋವಿಯತ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಮುಳುಗಿತು. ಬದುಕಿದ್ದು ಒಬ್ಬನೇ, 19 ವರ್ಷದ ಡೇವಿಡ್ ಸ್ಟೋಲಿಯರ್.

2001ರಲ್ಲಿ ಬಂದ 'ದಿ ಸ್ಟ್ರೂಮಾ' ಅನ್ನೋ ಸಾಕ್ಷ್ಯಚಿತ್ರದಲ್ಲಿ ಆ ಸ್ಟೋಲಿಯರ್ ಮುದುಕರಾಗಿ ಕೂತು ಮಾತಾಡುತ್ತಾರೆ. ಇನ್ನೊಂದು ಕಡೆ, ಅಜ್ಜ ಅಜ್ಜಿಯನ್ನು ಆ ಹಡಗಿನಲ್ಲಿ ಕಳೆದುಕೊಂಡ ಮೊಮ್ಮಗ ಮುಳುಗುಗಾರರನ್ನು ಕಟ್ಟಿಕೊಂಡು ಹಡಗನ್ನು ಹುಡುಕೋಕೆ ಹೋಗುತ್ತಾನೆ. ನಾನು ಒಬ್ಬನೇ ನೋಡಿದೆ. ಆ ರಾತ್ರಿ ಊಟ ಸೇರಲಿಲ್ಲ. ಇದನ್ನು ಮಕ್ಕಳಿಗೆ ತೋರಿಸಬೇಡಿ ಮೇಡಂ, ಮೊದಲು ನೀವು ನೋಡಿ, ಆಮೇಲೆ ಕಥೆಯನ್ನು ನಿಮ್ಮ ಬಾಯಲ್ಲಿ ಹೇಳಿ.

ಬೆಂಗಳೂರಿನಿಂದ, ನಿವೃತ್ತ ಗ್ರಂಥಪಾಲಕರು

ಯಾರಾದರೂ 'ಎಕ್ಸೋಡಸ್' ಹೆಸರು ಹೇಳಿಯೇ ಹೇಳುತ್ತಾರೆ, ಅದಕ್ಕೆ ಮುಂಚೆ ಒಂದು ಎಚ್ಚರಿಕೆ. 1960ರ ಸಿನಿಮಾ, ಪಾಲ್ ನ್ಯೂಮನ್ ನಾಯಕ, ಮೂರೂವರೆ ಗಂಟೆಯ ಹತ್ತಿರ ಇದೆ. ಅದರಲ್ಲಿ ನಿರಾಶ್ರಿತರು ಉಪವಾಸ ಕೂತು ಕೊನೆಗೆ ಪ್ಯಾಲೆಸ್ಟೈನ್ ಸೇರುತ್ತಾರೆ. ನಿಜವಾದ ಎಕ್ಸೋಡಸ್ ಹಡಗಿನ ಕಥೆ ಬೇರೆ. 1947ರ ಜುಲೈನಲ್ಲಿ ಫ್ರಾನ್ಸಿನ ಸೆಟ್ ಬಂದರಿನಿಂದ ಸುಮಾರು 4,500 ಜನ ಹೊರಟರು, ಬಹಳಷ್ಟು ಜನ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರು. ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲೇ ತಡೆದು, ಬೇರೆ ಹಡಗುಗಳಿಗೆ ತುಂಬಿ, ಕೊನೆಗೆ ಮತ್ತೆ ಜರ್ಮನಿಯ ಹ್ಯಾಂಬರ್ಗ್‌ಗೇ ತಂದು ಇಳಿಸಿತು. ಸಿನಿಮಾವನ್ನು ಇತಿಹಾಸ ಅಂತ ತೋರಿಸಿದರೆ ಮಕ್ಕಳಿಗೆ ತಪ್ಪು ಹೇಳಿದ ಹಾಗಾಗುತ್ತದೆ. ಆ ಸಿನಿಮಾ ಇಸ್ರೇಲ್ ದೇಶ ಹುಟ್ಟಿದ ರಾಜಕೀಯದ ಕಥೆಯೂ ಹೌದು, ಅದಕ್ಕೆ ಬೇರೆ ಪಾಠವೇ ಬೇಕು.

ಇನ್ನೊಂದು ಮಾತು. ಮಕ್ಕಳಿಗೆ ಇದು ಎಲ್ಲೋ ದೂರದ ಕಥೆ ಅನಿಸಬಾರದು ಅಂದರೆ ಆಟೊ ಕ್ಯೋನಿಗ್ಸ್‌ಬರ್ಗರ್ ಬಗ್ಗೆ ಹೇಳಿ. ಬರ್ಲಿನ್ನಿನ ಯಹೂದಿ ಮೂಲದ ವಾಸ್ತುಶಿಲ್ಪಿ. 1933ರಲ್ಲಿ ಜರ್ಮನಿಯಲ್ಲಿ ಕೆಲಸ ಹೋಯಿತು, ದೇಶ ಬಿಟ್ಟರು. 1939ರಲ್ಲಿ, ಅಂದರೆ ಸೇಂಟ್ ಲೂಯಿಸ್ ಹೊರಟ ವರ್ಷವೇ, ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿ ಆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ ಕಟ್ಟಡಗಳಿವೆ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. ಎಷ್ಟೋ ಸಂಜೆ ಅಲ್ಲಿ ಕೂತಿದ್ದೇನೆ, ಅದು ಯಾರು ಕಟ್ಟಿದ್ದು ಅಂತ ಗೊತ್ತಾದದ್ದು ತುಂಬ ತಡವಾಗಿ. ಓದುವ ಮಕ್ಕಳಿದ್ದರೆ ನೇಮಿಚಂದ್ರ ಅವರ 'ಯಾದ್ ವಶೇಮ್' ಕಾದಂಬರಿ ಕೊಡಿ. ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕಥೆ ಅದು, ಕನ್ನಡದಲ್ಲೇ ಇದೆ.

ಧಾರವಾಡದಿಂದ, ಶಿಕ್ಷಕರು

ಮೇಡಂ, ನಮ್ಮ ಶಾಲೆಯಲ್ಲಿ ನಡೆದದ್ದು 'ಇನ್‌ಟು ದಿ ಆರ್ಮ್ಸ್ ಆಫ್ ಸ್ಟ್ರೇಂಜರ್ಸ್', 2000ದ್ದು, ಆಸ್ಕರ್ ಬಂದ ಸಾಕ್ಷ್ಯಚಿತ್ರ. ಹಿಟ್ಲರನಿಂದ ತಪ್ಪಿಸೋಕೆ ಸುಮಾರು 10,000 ಮಕ್ಕಳನ್ನು ಅಪ್ಪ ಅಮ್ಮನಿಲ್ಲದೆ ರೈಲು ಹತ್ತಿಸಿ, ಹಾಲೆಂಡಿನಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದ ಕಥೆ. ನಾನು ಐದೈದು ನಿಮಿಷಕ್ಕೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ, ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟು ವೇಗ ನಮ್ಮ ಮಕ್ಕಳಿಗಿಲ್ಲ. ಇಪ್ಪತ್ತು ನಿಮಿಷದ ಸಿನಿಮಾಕ್ಕೆ ಒಂದು ಪೀರಿಯಡ್ ಪೂರ್ತಿ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬೋರ್ಡಿನ ಮೇಲೆ ಅಟ್ಲಾಂಟಿಕ್ ಬರೆದೆ. ಹವಾನಾ ಭಾಗ ಇಪ್ಪತ್ತೈದು ನಿಮಿಷ, ಡೆನ್ಮಾರ್ಕಿನ ಸಿನಿಮಾ ಇಪ್ಪತ್ತು ನಿಮಿಷ, ಧಾರವಾಡದ ಸರ್ ಹೇಳಿದ ಹಾಗೆ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಹಡಗು ವಾಪಸ್ ಬಂದ ಮೇಲೆ ಬ್ರಿಟನ್ 288, ಫ್ರಾನ್ಸ್ 224, ಬೆಲ್ಜಿಯಂ 214, ಹಾಲೆಂಡ್ 181 ಜನರನ್ನು ತಗೊಂಡವು ಅಂತ ಬರೆದು ಕೂಡಿಸಿ ಅಂದೆ. 907 ಬಂತು. ಬ್ರಿಟನ್ನಿಗೆ ಹೋದವರು ಒಬ್ಬರನ್ನು ಬಿಟ್ಟು ಯುದ್ಧದಲ್ಲಿ ಉಳಿದುಕೊಂಡರು, ಉಳಿದ ಮೂರೂ ದೇಶಗಳಿಗೆ ಮುಂದಿನ ವರ್ಷವೇ ಹಿಟ್ಲರನ ಸೈನ್ಯ ನುಗ್ಗಿತು ಅಂದೆ. ತರಗತಿ ಸುಮ್ಮನಾಯಿತು. ಆಮೇಲೆ ಅದೇ ಹುಡುಗಿ, "ಮಿಸ್, ಯಾರು ಯಾವ ದೇಶಕ್ಕೆ ಅಂತ ಯಾರು ಬರೆದರು?" ಅಂತ ಕೇಳಿದಳು. ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಮೈಸೂರಿನಿಂದ

ಮೇಡಂ, 'ಜಾಯಿಂಟ್' ಅಂತ ಕರೆಯುವ ಯಹೂದಿ ಪರಿಹಾರ ಸಂಸ್ಥೆಯ ಯುರೋಪ್ ಮುಖ್ಯಸ್ಥ ಮಾರಿಸ್ ಟ್ರೋಪರ್ ನಾಲ್ಕೂ ದೇಶಗಳನ್ನು ಒಪ್ಪಿಸಿದರು. ಹಡಗು ಆಂಟ್ವರ್ಪ್ ಸೇರುವ ಮೊದಲು ಅವರೂ ನೆರವು ಸಮಿತಿಗಳವರೂ ಹಡಗಿಗೇ ಬಂದು, ಅಲ್ಲೇ ಕೂತು ಪಟ್ಟಿ ಮಾಡಿದರು. ಅವರು ಜನರನ್ನು ಉಳಿಸೋಕೆ ಬಂದವರು. ಅದು 1939ರ ಜೂನ್, ಯುದ್ಧ ಇನ್ನೂ ಶುರುವಾಗಿರಲಿಲ್ಲ. ಯಾವ ಪಟ್ಟಿಯಲ್ಲಿ ಹೆಸರಿದ್ದರೆ ಏನಾಗುತ್ತದೆ ಅಂತ ಬರೆದವರಿಗೂ ಗೊತ್ತಿರಲಿಲ್ಲ, ಬರೆಸಿಕೊಂಡವರಿಗೂ ಗೊತ್ತಿರಲಿಲ್ಲ. ಅವಳಿಗೆ ಹೀಗೇ ಹೇಳಿ.