ಮ್ಯಾಟ್ ಕುಸ್ತಿ ಬಿಟ್ಟು ಪ್ರೊ ರೆಸ್ಲಿಂಗ್‌ಗೆ ಹೋಗಬಹುದೇ? ಹೋದವರು, ಬಿಟ್ಟು ಬಂದವರು ಅನುಭವ ಹೇಳಿ

92ರ ಪೈಲ್ವಾನ:
ನನಗೆ 22 ವರ್ಷ. ಫ್ರೀಸ್ಟೈಲ್ 92 ಕೆ.ಜಿ. ವಿಭಾಗದಲ್ಲಿ ರಾಜ್ಯ ಮಟ್ಟದ ಬೆಳ್ಳಿ ಪದಕವಿದೆ. ಉತ್ತರ ಭಾರತದ ಒಂದು ಪ್ರೊ ರೆಸ್ಲಿಂಗ್ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿದೆ, ಈ ತಿಂಗಳೊಳಗೆ ಶುಲ್ಕ ಕಟ್ಟಬೇಕು. ಮನೆಯವರು ಕ್ರೀಡಾ ಕೋಟಾದ ನೌಕರಿಗೆ ಕಾಯಲು ಹೇಳುತ್ತಿದ್ದಾರೆ. ಅಲ್ಲಿಯ ದಿನಚರಿ ಹೇಗಿರುತ್ತದೆ? ಕೈಗೆ ಏನಾದರೂ ಉಳಿಯುತ್ತದೆಯೇ? ಸರಿಹೋಗದಿದ್ದರೆ ಮತ್ತೆ ಮ್ಯಾಟ್‌ಗೆ ಬರಬಹುದೇ?

ಮೂರನೇ ಹಗ್ಗ:
ಹೋಗಿ. ನಾನು ಹೋದವನು, ಇಂದಿಗೂ ತಲೆ ಎತ್ತಿಕೊಂಡೇ ಹೇಳುತ್ತೇನೆ. ಆದರೆ ಲೆಕ್ಕ ತಿಳಿದುಕೊಂಡು ಹೋಗಿ.

ಆರು ತಿಂಗಳ ಶುಲ್ಕ 60 ಸಾವಿರ ಎಂದರು. ಕೋಣೆಯ ಬಾಡಿಗೆ, ಊಟ ಅದರಲ್ಲಿ ಸೇರಿರಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಬೂಟಿಗೆ 7,500. ಮೊಣಕಾಲು ಪಟ್ಟಿ, ಮಣಿಕಟ್ಟಿಗೆ ಸುತ್ತುವ ಟೇಪು, ಉಡುಪು, ಆಯೋಜಕರಿಗೆ ಕಳುಹಿಸಲು ವಿಡಿಯೊ, ಎಲ್ಲವೂ ನಮ್ಮದೇ ಖರ್ಚು. ಟೇಪಿನ ಲೆಕ್ಕ ಯಾರೂ ಹೇಳುವುದಿಲ್ಲ. ಒಂದು ಸುರುಳಿ ಎರಡು ಪಂದ್ಯಕ್ಕೆ ಮುಗಿಯುತ್ತದೆ.

ಮೊದಲ ವಾರಗಳಲ್ಲಿ ಬಂಪ್, ಅಂದರೆ ಪೆಟ್ಟಾಗದಂತೆ ಬೀಳುವುದು, ಅದನ್ನು ಬಿಟ್ಟು ಬೇರೇನೂ ಕಲಿಸುವುದಿಲ್ಲ. ಗದ್ದವನ್ನು ಎದೆಗೆ ಒತ್ತಿ, ಉಸಿರು ಹೊರಗೆ ಬಿಟ್ಟು, ಎರಡೂ ಅಂಗೈ ನೆಲಕ್ಕೆ ಬಡಿದು, ಬೆನ್ನಿನ ಮೇಲ್ಭಾಗ ಒಟ್ಟಿಗೆ ತಾಗುವಂತೆ ಬೀಳಬೇಕು. ಜಿಮ್‌ನಿಂದ ಬಂದ ಹುಡುಗರು ಇದನ್ನು ಬೇಗ ಕಲಿತರು. ನಮ್ಮಂಥವರಿಗೆ ಆಗಲಿಲ್ಲ. ಬೆನ್ನು ತಾಗಿದರೆ ಸೋಲು ಎಂದು ಎಂಟನೇ ವಯಸ್ಸಿನಿಂದ ಕಲಿತ ದೇಹ ಅದು, ಬೀಳುವ ಗಳಿಗೆಯಲ್ಲಿ ತಾನಾಗಿಯೇ ತಿರುಗಿಬಿಡುತ್ತದೆ. ತಿರುಗಿದರೆ ಭುಜ ಮೊದಲು ತಾಗುತ್ತದೆ. ಕೆಳಗಿರುವುದು ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ತೆಳುವಾದ ಫೋಮ್, ಕ್ಯಾನ್ವಾಸ್. ಅಷ್ಟೇ.

ದಿನಚರಿ ಕೇಳಿದಿರಿ. ಪ್ರದರ್ಶನದ ದಿನ ಮಧ್ಯಾಹ್ನ ಲಾರಿಯಿಂದ ತೊಲೆ ಇಳಿಸಿ ರಿಂಗ್ ಕಟ್ಟುವವರು ನಾವೇ. ಸಂಜೆ ಪಂದ್ಯ. ಜನ ಹೋದ ಮೇಲೆ ರಿಂಗ್ ಬಿಚ್ಚಿ ಲಾರಿಗೆ ಏರಿಸಬೇಕು. ರಾತ್ರಿ ಕಾಯ್ದಿರಿಸದ ಬೋಗಿಯಲ್ಲಿ ಮುಂದಿನ ಊರು. ಪಂದ್ಯಕ್ಕೆ 2,000 ಎಂದು ಮಾತಾಗಿರುತ್ತದೆ, ಕೈಗೆ ಬರುವಾಗ 1,200. ನನ್ನ ಎಡಭುಜದ ಎಂಆರ್‌ಐಗೆ 8,000, ಶಸ್ತ್ರಚಿಕಿತ್ಸೆಗೆ 1 ಲಕ್ಷ 80 ಸಾವಿರ. ವೃತ್ತಿಪರ ಅಪಾಯದ ಕ್ರೀಡೆ ಎಂದು ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಇಷ್ಟಾದರೂ ಹೇಳುತ್ತೇನೆ: ಗಂಟೆ ಬಾರಿಸಿದಾಗ ಮೂರು ಸಾವಿರ ಜನ ಎದ್ದು ನಿಂತದ್ದನ್ನು ನಾನು ಕಂಡಿದ್ದೇನೆ. ಮ್ಯಾಟ್‌ನಲ್ಲಿ ನನ್ನ ಫೈನಲ್ ನೋಡಿದವರು ಕೋಚ್ ಮತ್ತು ಎದುರಾಳಿಯ ಅಪ್ಪ.

ಕೆಮ್ಮಣ್ಣು:
ಜನ ಎದ್ದು ನಿಂತರು ಎಂಬುದಕ್ಕೆ ಭುಜ ಕೊಟ್ಟು ಬಂದಿದ್ದೀರಿ. ತಮ್ಮಾ, ಇವರ ಮಾತು ಕೇಳಬೇಡ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟ ಆಟಕ್ಕೆ ಕುಸ್ತಿ ಎಂಬ ಹೆಸರು ಬೇಡ.

ನಾನು ಮೈಸೂರಿನ ಗರಡಿಯಲ್ಲಿ ಬೆಳೆದವನು. ಬೆಳಗಿನ ಜಾವ ಮಟ್ಟಿ ಅಗೆದು, ದಂಡ, ಬಸ್ಕಿ ಮುಗಿಸಿ, ಜೋಡಿ ಹಿಡಿದು, ಆಮೇಲೆ ಕಾಲೇಜು. ಸಂಜೆ ಮತ್ತೆ ಅದೇ. ದಸರಾ ಕುಸ್ತಿಗೆ ಜೋಡಿ ಕಟ್ಟಿದರೆಂದರೆ ದೇವರಾಜ ಅರಸು ಕ್ರೀಡಾಂಗಣದಲ್ಲಿ ಅಖಾಡಕ್ಕೆ ಇಳಿಯುವವರೆಗೆ ಮದುವೆ ಮನೆಗೂ ಹೋಗುತ್ತಿರಲಿಲ್ಲ. ಹಾಲು, ಬಾದಾಮಿ, ತುಪ್ಪ, ಮೊಟ್ಟೆ ಎಂದು ತಿಂಗಳಿಗೆ 14 ಸಾವಿರ. ಅಪ್ಪ ಎಮ್ಮೆ ಕಟ್ಟಿದ್ದು ನನಗಾಗಿ. ಹಾಲು ಮಾರಿದ್ದರೆ ಮನೆಗೆ ಎಷ್ಟು ಬರುತ್ತಿತ್ತು ಎಂದು ಅಮ್ಮ ಚೀಟಿಯಲ್ಲಿ ಬರೆದಿಡುತ್ತಿದ್ದರು, ಆ ಚೀಟಿ ಈಗಲೂ ನನ್ನ ಬಳಿ ಇದೆ. ಕೋಟಾದಲ್ಲಿ ಇಲಾಖೆಯ ನೌಕರಿ ಸಿಕ್ಕಿತು, ಮನೆ ಕಟ್ಟಿಸಿದೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಗರಡಿಗೆ ಹೋಗುತ್ತೇನೆ. ಇದು ಬದುಕು.

ಮೂರನೇ ಹಗ್ಗ:
ದಾರಾ ಸಿಂಗ್ ಕೂಡ ಅಖಾಡದಿಂದಲೇ ವೃತ್ತಿಪರ ರಿಂಗ್‌ಗೆ ಬಂದವರು. 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಕುಸ್ತಿಪಟು ಲೂ ಥೆಸ್ ಅವರನ್ನು ಸೋಲಿಸಿದ್ದು ಅದೇ ರಿಂಗ್‌ನಲ್ಲಿ. ಅವರಿಗೂ ಕುಸ್ತಿ ಗೊತ್ತಿರಲಿಲ್ಲವೇ? ಫಲಿತಾಂಶ ಬರೆದಿಟ್ಟಿರಬಹುದು ಸ್ವಾಮಿ, ಹಲಗೆಯನ್ನು ಯಾರೂ ಮೆತ್ತಗೆ ಮಾಡಿಟ್ಟಿರುವುದಿಲ್ಲ. ಜಾತ್ರೆ ಕುಸ್ತಿಗಳಲ್ಲಿ ಎಷ್ಟು ಜೋಡಿಗಳು ಒಳಗೊಳಗೇ ಸಮ ಮಾಡಿಕೊಂಡು ಬಹುಮಾನ ಹಂಚಿಕೊಳ್ಳುತ್ತವೆ ಎಂಬುದನ್ನೂ ಇಲ್ಲಿ ಬರೆಯಿರಿ.

ಕೆಮ್ಮಣ್ಣು:
ನನ್ನ ಗರಡಿಯ ಒಬ್ಬನೇ ಒಬ್ಬ ಹಾಗೆ ಮಾಡಿದ್ದರೆ ಹೆಸರು ಹೇಳಿ. ಉಸ್ತಾದರ ಮುಂದೆ ನಿಂತು ಈ ಮಾತು ಆಡುವ ಧೈರ್ಯ ನಿಮಗಿಲ್ಲ.

ಅಖಾಡದ ಅಕ್ಕ:
ಇಬ್ಬರೂ ಗಂಡಸರ ಲೆಕ್ಕವನ್ನೇ ಹೇಳುತ್ತಿದ್ದೀರಿ. 2017ರಲ್ಲಿ ಕವಿತಾ ದಲಾಲ್ ಸಲ್ವಾರ್ ಕಮೀಜ್‌ನಲ್ಲೇ ಅಮೆರಿಕದ ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ಮಹಿಳೆಯರ ಟೂರ್ನಿ ಮೇ ಯಂಗ್ ಕ್ಲಾಸಿಕ್‌ನಲ್ಲಿ ಆಡಿದ ವಿಡಿಯೊ ನೋಡಿ ನಾನು ಹೊರಟೆ. ಆಕೆ ಜಲಂಧರ್‌ನಲ್ಲಿ ಗ್ರೇಟ್ ಖಲಿಯವರ ಬಳಿ ಕಲಿತವರು. ನಾನು ಸೇರಿದ್ದು ಬೇರೆ ಕಡೆ. ಅಲ್ಲಿ ಹುಡುಗಿಯರು ಇದ್ದದ್ದೇ ಇಬ್ಬರು, ನಾನು ಮತ್ತು ಇನ್ನೊಬ್ಬಳು. ಹಾಗಾಗಿ ಪ್ರತಿ ಊರಿನಲ್ಲೂ ಅವಳೇ ನನಗೆ ಎದುರಾಳಿ, ನಾನೇ ಅವಳಿಗೆ. ಅವಳಿಗೆ ಜ್ವರ ಬಂದರೆ ನನ್ನ ಪಂದ್ಯವೂ ಇಲ್ಲ, ಹಣವೂ ಇಲ್ಲ. ಅವಳ ಕುತ್ತಿಗೆ ನೋಯುತ್ತಿದ್ದರೂ ನಾನು ಅವಳನ್ನು ಎತ್ತಿ ಹಾಕಬೇಕು, ಕಿವಿಯ ಬಳಿ ಬಾಯಿಟ್ಟು "ಎಡಕ್ಕೆ ಬೀಳು" ಎಂದು ಹೇಳಿ ಹಾಕುತ್ತಿದ್ದೆ. ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ, ಲಾರಿಯ ಹಿಂಬದಿಗೆ ಬೆಡ್‌ಶೀಟ್ ಕಟ್ಟುತ್ತಿದ್ದೆವು. ಮುಟ್ಟಿನ ದಿನಗಳಲ್ಲಿ ಇಡೀ ಹಗಲು ಶೌಚಾಲಯವಿಲ್ಲದ ಮೈದಾನ. ಇದನ್ನು ಯಾವ ಶಾಲೆಯ ಜಾಹೀರಾತೂ ಬರೆಯುವುದಿಲ್ಲ.

ಆದರೆ ಕೆಮ್ಮಣ್ಣಿನ ಅಣ್ಣನವರೇ, ನಾನು ಹುಡುಗಿಯಾಗಿದ್ದಾಗ ನಿಮ್ಮಂಥ ಗರಡಿಯ ಹೊಸ್ತಿಲು ದಾಟಲೂ ನನ್ನನ್ನು ಬಿಡಲಿಲ್ಲ. ರಿಂಗ್ ಬಿಟ್ಟಿತು. ನಾನೀಗ ಹೆಣ್ಣುಮಕ್ಕಳಿಗೆ ಮ್ಯಾಟ್ ಕಲಿಸುತ್ತೇನೆ, ಅದಕ್ಕೆ ಬೇಕಾದ ಗಟ್ಟಿತನ ಬಂದದ್ದು ಅಲ್ಲಿಂದ.

ಕೆಮ್ಮಣ್ಣು:
ಆ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು ತಂಗಿ. ಈಗ ಮೈಸೂರು ದಸರಾದಲ್ಲಿ ಹೆಣ್ಣುಮಕ್ಕಳಿಗೂ ಕಿಶೋರಿ ಪ್ರಶಸ್ತಿ ಇದೆ.

ತೊಲೆ ಹೊತ್ತವ:
ನಾನು ರಿಂಗ್ ಸಾಗಿಸುವ ಕೆಲಸ ಮಾಡಿದವನು, ಆಡಿದವನಲ್ಲ. ಎಲ್ಲರೂ ಅಮೆರಿಕಕ್ಕೆ ಹೋದರೆ ಕಷ್ಟ ತೀರಿತು ಎಂದುಕೊಂಡೇ ಈ ಶಾಲೆಗಳಿಗೆ ಬರುತ್ತಾರೆ. ಅಲ್ಲಿಯೂ ಕುಸ್ತಿಪಟು ಕಂಪನಿಯ ನೌಕರನಲ್ಲ, ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರ. 1980ರ ದಶಕದಲ್ಲಿ ವರ್ಷಕ್ಕೆ 300 ದಿನಗಳ ಹತ್ತಿರ ರಸ್ತೆಯ ಮೇಲಿದ್ದವರಿದ್ದಾರೆ. ಆಗ ವಿಮಾನದ ಟಿಕೆಟ್ ಕಂಪನಿಯದಾಗಿತ್ತು, ಬಾಡಿಗೆ ಕಾರು ಮತ್ತು ಹೋಟೆಲ್ ಬಹುತೇಕರಿಗೆ ಸ್ವಂತ ಜೇಬಿನಿಂದಲೇ ಆಗುತ್ತಿತ್ತು. ಬ್ರೆಟ್ ಹಾರ್ಟ್ ಎಂಥ ಆಟಗಾರ! 1999ರ ಡಿಸೆಂಬರ್‌ನಲ್ಲಿ ತಲೆಗೆ ಬಿದ್ದ ಒಂದು ಒದೆತದಿಂದ ಮರುವರ್ಷವೇ ನಿವೃತ್ತಿ. ಡಬ್ಲ್ಯುಡಬ್ಲ್ಯುಇಯಲ್ಲಿ ಈಗಿನ ಕಡ್ಡಾಯ ಮಾದಕವಸ್ತು ಪರೀಕ್ಷೆ, ಹೃದಯ ತಪಾಸಣೆಯ ನೀತಿ ಬಂದದ್ದು 2006ರಲ್ಲಿ, ಅಲ್ಲಿನ ಕುಸ್ತಿಪಟು ಎಡ್ಡಿ ಗೆರೆರೊ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ ಮೇಲೆ. ಅವರಿಗೆ ಆಗ 38 ವರ್ಷ.

ಮರಳಿ ಬರುವ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 125 ಕೆ.ಜಿ. ಚಿನ್ನ ಗೆದ್ದ ಅಮೆರಿಕದ ಗೇಬಲ್ ಸ್ಟೀವ್‌ಸನ್ 2021ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿದರು, 2024ರಲ್ಲಿ ಹೊರಬಿದ್ದರು, ಮತ್ತೆ ಕಾಲೇಜು ಕುಸ್ತಿಗೆ ಮರಳಿ 2025ರ ಎನ್‌ಸಿಎಎ (ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್) ಫೈನಲ್‌ವರೆಗೆ ಬಂದು ಸೋತರು. ಒಲಿಂಪಿಕ್ ಚಾಂಪಿಯನ್‌ನ ಕಥೆ ಇದು. ರಾಜ್ಯ ಮಟ್ಟದ ಹುಡುಗ ಮರಳಿ ಬರುವಷ್ಟರಲ್ಲಿ ಅವನ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ.

ಕೆಮ್ಮಣ್ಣು:
ಸೇರಿಸುತ್ತೇನೆ. 92 ಕೆ.ಜಿ. ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ. 86ಕ್ಕೆ ಇಳಿಯಬೇಕು ಅಥವಾ 97ಕ್ಕೆ ಏರಬೇಕು. 2018ರಿಂದ ಪಂದ್ಯದ ದಿನ ಬೆಳಿಗ್ಗೆಯೇ ತೂಕ, ಎರಡನೇ ದಿನ ಪಂದ್ಯವಿದ್ದರೆ ಅಂದು ಬೆಳಿಗ್ಗೆ ಮತ್ತೆ ತೂಕ. ಹಿಂದಿನಂತೆ ರಾತ್ರಿಯಿಡೀ ಬೆವರು ಹರಿಸಿ ಮರುದಿನ ಸುಧಾರಿಸಿಕೊಳ್ಳುವ ಕಾಲ ಮುಗಿಯಿತು. ನನ್ನ ಜೊತೆಯ ಹುಡುಗ ಎರಡು ದಿನ ನೀರು ಮುಟ್ಟದೆ ತೂಕ ಇಳಿಸಿ, ಮೊದಲ ಸುತ್ತಿನಲ್ಲೇ ಕಾಲಿನ ಮೀನಖಂಡ ಹಿಡಿದುಕೊಂಡು ಕುಳಿತ. ಆರು ನಿಮಿಷದ ಪಂದ್ಯದಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ.

92ರ ಪೈಲ್ವಾನ:
ಎಲ್ಲರಿಗೂ ಧನ್ಯವಾದ. 97ಕ್ಕೆ ಏರುವ ಯೋಚನೆಯಿದೆ. ಶಾಲೆಯವರು ಗಾಯವಾದರೆ ಚಿಕಿತ್ಸೆ ನೋಡಿಕೊಳ್ಳುತ್ತೇವೆ ಎಂದು ಫೋನ್‌ನಲ್ಲಿ ಹೇಳಿದ್ದಾರೆ. ಇದು ನಂಬುವಂಥದ್ದೇ?

ಮೂರನೇ ಹಗ್ಗ:
ನನಗೂ ಫೋನ್‌ನಲ್ಲೇ ಹೇಳಿದ್ದರು. ಕಾಗದದ ಮೇಲೆ ಬರೆಸಿಕೊಳ್ಳಿ. ರಿಂಗ್‌ನ ಸುತ್ತಲಿನ ಹಗ್ಗ ಯಾವುದೆಂದೂ ಕೇಳಿ. ರಬ್ಬರ್ ಕೊಳವೆ ಹೊದಿಸಿದ ಉಕ್ಕಿನ ತಂತಿಯಾದರೆ ಓಡಿ ಬಂದು ಒರಗಿದಾಗ ಪಕ್ಕೆಲುಬಿನ ಮೇಲೆ ನೀಲಿ ಗೆರೆ ಬೀಳುತ್ತದೆ, ವಾರಗಟ್ಟಲೆ ಹೋಗುವುದಿಲ್ಲ.

ತೊಲೆ ಹೊತ್ತವ:
ತಂತಿಗೆ ಹೆದರಿಸಬೇಡಿ. ತಂತಿ ಸರಿಯಾಗಿ ಬಿಗಿದಿದ್ದರೆ ಮೂಲೆಯಲ್ಲಿ ಅದನ್ನು ಬಿಗಿಯುವ ಟರ್ನ್‌ಬಕಲ್‌ನಿಂದ ಕಳಚುವುದಿಲ್ಲ. ನಿಜವಾದ ಹಗ್ಗ ಮಳೆಗಾಲದಲ್ಲಿ ಜೋಲುಬೀಳುತ್ತದೆ. ಆಟಗಾರ ಹೊರಗೆ ಬಿದ್ದದ್ದನ್ನು ನಾನೇ ಕಂಡಿದ್ದೇನೆ.

ಮೂರನೇ ಹಗ್ಗ:
ಡಬ್ಲ್ಯುಡಬ್ಲ್ಯುಇ ರಿಂಗ್‌ನಲ್ಲಿ ಟೇಪು ಸುತ್ತಿದ ನಿಜವಾದ ಹಗ್ಗವೇ ಇರುವುದು. ಜೋಲುಬಿದ್ದರೆ ಅದು ಕಟ್ಟಿದವರ ಸೋಮಾರಿತನ. ಒರಗಿದವನ ಪಕ್ಕೆಲುಬಿನ ಮಾತು ಹೊರಗೆ ನಿಂತವರಿಗೆ ಹೇಗೆ ಗೊತ್ತಾಗಬೇಕು?

ತೊಲೆ ಹೊತ್ತವ:
ಸೋಮಾರಿ ಎಂದಿರಾ? ನೀವೆಲ್ಲ ಟೇಪು ಸುತ್ತಿಕೊಳ್ಳುವಾಗ ಬಿಸಿಲಿನಲ್ಲಿ ತೊಲೆ ಜೋಡಿಸಿದ ಕೈ ಇದು. ಪೈಲ್ವಾನರೇ, ಶುಲ್ಕ ಕಟ್ಟುವ ಮೊದಲು ಶಾಲೆಗೆ ಹೋಗಿ ರಿಂಗ್‌ನ ಕೆಳಗೆ ಬಗ್ಗಿ ನೋಡಿ. ನಡುವೆ ಸ್ಪ್ರಿಂಗ್ ಇದೆಯೇ, ಹಲಗೆಗಳು ಸೀಳಿವೆಯೇ ನೋಡಿ. ಸ್ಪ್ರಿಂಗ್ ಇದ್ದರೆ ಬೆನ್ನಿಗೆ ಪೆಟ್ಟು ಕಡಿಮೆ.

ಮೂರನೇ ಹಗ್ಗ:
ನನ್ನ ಭುಜ ಹೋದದ್ದು ಸ್ಪ್ರಿಂಗ್ ಇದ್ದ ರಿಂಗ್‌ನಲ್ಲೇ.